ಬಿಳಿ ಪೆಟ್ಟಿಗೆ, ಕರಿ ಪೆಟ್ಟಿಗೆ, ಮೊಮ್ಮಗಳ ಬೆರಳು

ಟಿವಿಗೆ ಜೋಡಿಸಿ ಆಡುವ ಯಂತ್ರಗಳಲ್ಲಿ ಯಾವುದು ಮೇಲು ಎಂಬ ಜಗಳವನ್ನು ನಾನು ಎರಡು ವರ್ಷ ಕೇಳಿದ್ದೇನೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಆದರೂ ಅಷ್ಟು ಕೇಳಿದ ಮೇಲೆ ಯಾರಿಗಾದರೂ ಒಂದಿಷ್ಟು ತಿಳಿಯುತ್ತದೆ.

ಒಂದು ಬಿಳಿಯದು, ಕಾಲರ್ ಎತ್ತಿಕೊಂಡ ಅಂಗಿಯ ಹಾಗೆ ನಿಂತಿರುತ್ತಿತ್ತು. ಅದು ಶಿರಸಿಯ ನಮ್ಮ ಮನೆಯದು. ಮಗ ಟಿವಿ ರಿಪೇರಿ ಮಾಡುವವನು, ಯಾರೋ ಮಾರಿದ್ದನ್ನು ತನ್ನ ಮಗಳಿಗೆಂದು ತಂದಿದ್ದ. ಇನ್ನೊಂದು ಕರಿಯದು, ಸುಮ್ಮನೆ ಡಬ್ಬಿ. ಅದು ಸಿದ್ದಾಪುರಕ್ಕೆ ಕೊಟ್ಟ ನನ್ನ ಮಗಳ ಮನೆಯದು. ಆ ಮನೆಯ ಹುಡುಗಿ ರಜೆ ಬಂತೆಂದರೆ ಅದನ್ನು ಬಟ್ಟೆಯ ನಡುವೆ ಸುತ್ತಿಕೊಂಡು ಇಲ್ಲಿಗೆ ಬರುವಳು. ಇಬ್ಬರು ಮೊಮ್ಮಕ್ಕಳೂ ಒಂದೇ ವಯಸ್ಸಿನವರು. ಆಡುವುದು ಕಾರಿನ ಓಟ, ಎರಡೂ ಕೈಯಲ್ಲಿ ಗುಂಡಿಗಳ ಕಂಟ್ರೋಲರ್ ಹಿಡಿದು.

"ನಿನ್ನ ಕಂಟ್ರೋಲರಿಗೆ ಸೆಲ್ ಹಾಕ್ಬೇಕಲ್ಲ ಮಾರಾಯ್ತಿ. ಅದೆಂತ ಆಟದ ಸಾಮಾನಾ, ಗೋಡೆ ಗಡಿಯಾರನಾ?" ಎಂದು ನಮ್ಮ ಮನೆಯವಳು ಕೆಣಕುವಳು.

"ಸೆಲ್ ಹೋದ್ರೆ ಬೇರೆ ಹಾಕಿದ್ರಾಯ್ತು. ನಿಂದರ ಹೊಟ್ಟೆಯೊಳಗಿನ ಬ್ಯಾಟರಿ ಸತ್ರೆ ಮಾವ ಆಪರೇಷನ್ನೇ ಮಾಡ್ಬೇಕು," ಎಂದು ಸಿದ್ದಾಪುರದವಳು.

ನಮ್ಮವಳಿಗೆ ಬಿಳಿಯದರ ಮೇಲೆ ಇದ್ದ ಹೆಮ್ಮೆ ಒಂದೇ ವಿಷಯಕ್ಕೆ. ಅದರ ಕಂಟ್ರೋಲರಿನಲ್ಲಿ ಬಂದೂಕಿನ ಕುದುರೆಯಂಥ ಗುಂಡಿಗಳಿವೆ. ಬ್ರೇಕ್ ಒತ್ತಿದರೆ ಆ ಗುಂಡಿ ಬೆರಳನ್ನು ಎದುರು ತಳ್ಳುತ್ತದೆ, ನಿಜವಾದ ಕಾರಿನ ಹಾಗೆ. ಕರಿಯದರ ಗುಂಡಿ ಬರೀ ಸಡಿಲ.

ಒಂದು ದಿನ ಅವಳು, "ಅಪ್ಪ, ಈ ಗುಂಡಿ ಬಿಗಿ ಆಗಿದೆ ನೋಡು" ಎಂದಳು. ಮಗ ಕಂಟ್ರೋಲರ್ ಬಿಚ್ಚಿ ಧೂಳು ತೆಗೆದು ಕೊಟ್ಟ. ವಾರ ಕಳೆದು ಮತ್ತೆ ಅದೇ ದೂರು. ಮತ್ತೆ ಬಿಚ್ಚಿ ಸ್ಪ್ರಿಂಗ್ ಬದಲಿಸಿದ. ರಿಪೇರಿಯವನ ಮನೆಯಲ್ಲಿ ಏನು ಕೆಟ್ಟರೂ ಮೊದಲು ಯಂತ್ರ ಬಿಚ್ಚುತ್ತಾರೆ. ಮೂರನೆಯ ಸಲ ಬಿಚ್ಚುವ ಮೊದಲು ತಾನೇ ಒತ್ತಿ ನೋಡಿದ. ಗುಂಡಿಗೆ ಏನೂ ಆಗಿರಲಿಲ್ಲ. ಅವನು ಅದನ್ನು ನನ್ನ ಕೈಗೆ ಕೊಟ್ಟ. ನಾನೂ ಒತ್ತಿದೆ, ಸಲೀಸಾಗಿ ಒಳಗೆ ಹೋಯಿತು. ಆಮೇಲೆ ಇಬ್ಬರೂ ಮಗುವಿನ ಕೈ ನೋಡಿದೆವು. ಹೆಬ್ಬೆರಳಿನ ಬುಡದಲ್ಲಿ ಮಾಂಸವೇ ಇರಲಿಲ್ಲ, ಕುಳಿ ಬಿದ್ದಿತ್ತು.

ಹುಬ್ಬಳ್ಳಿಯ ಡಾಕ್ಟರು ಸುತ್ತಿ ಬಳಸಿ ಹೇಳಲಿಲ್ಲ. ಸ್ನಾಯು ಒಣಗುವ ಕಾಯಿಲೆ, ಇವಳಿಗೆ ಬೆರಳಿನಿಂದ ಶುರುವಾಗಿದೆ, ಮೇಲಕ್ಕೆ ಹೋಗುತ್ತದೆ, ಔಷಧಿ ಇಲ್ಲ ಎಂದರು. ಅವಳು ಅಲ್ಲೇ ಕುಳಿತು ಎಲ್ಲ ಕೇಳಿದಳು. ಹೊರಗೆ ಬಂದು ಕೇಳಿದ್ದು ಒಂದೇ: "ಎಲ್ಲಿವರೆಗೆ ಆಡ್ಲಿಕ್ಕೆ ಆಗ್ತದೆ?"

ಅಂದಿನಿಂದ ಯಾವುದು ಮೇಲು ಎಂಬ ಜಗಳದ ಅರ್ಥ ಬೇರೆಯಾಯಿತು. ಯಾವುದನ್ನು ಆ ಬೆರಳು ಒತ್ತಬಲ್ಲದು, ಅಷ್ಟೇ ಪ್ರಶ್ನೆ.

ಮಗ ಬಿಳಿಯದರ ಎದುರು ತಳ್ಳುವ ಗುಣವನ್ನು ಸೆಟ್ಟಿಂಗಿನಲ್ಲಿ ತೆಗೆದುಹಾಕಿದ. ಅವಳು ಮುಖ ಸಣ್ಣ ಮಾಡಿದಳು, ಆದರೂ ಆಡಿದಳು. ಬೆರಳು ಗುಂಡಿಯವರೆಗೆ ಬಾಗದೆ ಹೋದಾಗ ನಾನು ಕೈ ಹಾಕಿದೆ. ನಮ್ಮದು ಬೆಂಡಿನ ಕೆಲಸದ ಮನೆ, ಮದುವೆಯ ಬಾಸಿಂಗ ಮಾಡಿಯೇ ನಾನು ಮುದುಕಿಯಾದದ್ದು. ಬೆಂಡು ಎಂದರೆ ನೀರುಗಿಡದ ಒಣ ತಿರುಳು, ಹತ್ತಿಗಿಂತ ಹಗುರ. ಅದನ್ನು ಕೊರೆದು ಗುಂಡಿಯ ಮೇಲೆ ಕೂರುವ ಉದ್ದನೆಯ ಟೊಪ್ಪಿ ಮಾಡಿ ಅಂಟಿಸಿದೆ. ಬೆರಳಿನ ತುದಿ ತಾಗಿದರೂ ಗುಂಡಿ ಒಳಗೆ ಹೋಗುತ್ತಿತ್ತು. ಆದರೆ ಜೂನ್ ತಿಂಗಳ ತೇವಕ್ಕೆ ಬೆಂಡು ಉಬ್ಬಿ ವೇಗದ ಗುಂಡಿ ಒಳಗೇ ಸಿಕ್ಕಿಕೊಂಡಿತು. ಅವಳ ಕಾರು ಬ್ರೇಕ್ ಹೋದ ಲಾರಿ ಅರಬೈಲ್ ಘಾಟಿ ಇಳಿದಂತೆ ಓಡಿ ಸಮುದ್ರಕ್ಕೇ ಬಿತ್ತು.

"ಅಜ್ಜಿ, ಇದನ್ನ ನೀನು ಮದುವೆಗೆ ಮಾಡಿದ್ಯಾ, ನನ್ನ ಮುಳುಗಿಸ್ಲಿಕ್ಕೆ ಮಾಡಿದ್ಯಾ?" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಟ ಆಡುತ್ತ ಅವಳು ಹಾಗೆ ನಕ್ಕಿದ್ದು ಅದೇ ಕೊನೆ.

ದಸರಾ ರಜೆಗೆ ಬಂದ ಸಿದ್ದಾಪುರದವಳು ಬಿಳಿಯದರ ಕಂಟ್ರೋಲರ್ ಎತ್ತಿ ನೋಡಿ, "ಇದು ಇವಳಿಗೆ ಭಾರ" ಎಂದಳು. ತನ್ನ ಕರಿಯದರ ಕಂಟ್ರೋಲರಿನ ಹೊಟ್ಟೆಯಿಂದ ಎರಡೂ ಸೆಲ್ ಕಿತ್ತು, ಪೆಟ್ಟಿಗೆಯಿಂದ ಅದಕ್ಕೆ ವೈರ್ ಚುಚ್ಚಿ, "ಈಗ ಹಗುರ, ಹಿಡಿ" ಎಂದು ಕೊಟ್ಟಳು. ಬಿಳಿಯದರ ಬ್ಯಾಟರಿಯನ್ನು ಹಾಗೆ ತೆಗೆದಿಟ್ಟು ಆಡಲು ಬರುವುದಿಲ್ಲ. ಕರಿಯದರಲ್ಲಿ ಕಾರು ತಿರುಗಿಸುವ ಕಡ್ಡಿಯೂ ಎಡಗಡೆ ಸ್ವಲ್ಪ ಮೇಲಿದೆ, ಹೆಬ್ಬೆರಳನ್ನು ಒಳಗೆ ಮಡಚಬೇಕಿಲ್ಲ. ನಮ್ಮವಳು ಒಂದು ಓಟ ಪೂರ್ತಿ ಮುಗಿಸಿದಳು.

"ಗಡಿಯಾರ ಚಲೋ ಇದೆ," ಎಂದಳು. ಸೋತೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ಸಿದ್ದಾಪುರದವಳೂ ಗೆದ್ದೆ ಎಂದು ಹೇಳಲಿಲ್ಲ. ಅವಳು ಗೆದ್ದೆನೆಂದು ಕುಣಿದಿದ್ದರೆ ನನಗೆ ಸಮಾಧಾನ ಆಗುತ್ತಿತ್ತು. ಹೋಗುವಾಗ ಕರಿಯದನ್ನು ಇಲ್ಲೇ ಬಿಟ್ಟು ಹೋದಳು.

ಅದೂ ನಡೆದದ್ದು ಚಳಿಗಾಲದವರೆಗೆ. ಕೈ ಸೋತವರಿಗೆಂದೇ ಕಂಪನಿ ಮಾಡಿದ ದೊಡ್ಡ ಗುಂಡಿಗಳ ಹಲಗೆಯೊಂದನ್ನು ಮಗ ತರಿಸಿದ. ಅದು ಕೆಲಸ ಮಾಡಿತು, ಸುಳ್ಳು ಹೇಳಬಾರದು. ಆದರೆ ಅಷ್ಟರಲ್ಲಿ ಮಣಿಕಟ್ಟೇ ಏಳುತ್ತಿರಲಿಲ್ಲ.

ಬೇಸಿಗೆ ರಜೆಗೆ ಸಿದ್ದಾಪುರದವಳು ಬಂದಳು. ನಾನು ನಮ್ಮವಳ ಹಿಂದೆ ಕುಳಿತು, ಅವಳ ಬೆರಳುಗಳ ಮೇಲೆ ನನ್ನ ಬೆರಳಿಟ್ಟು, ಅವಳು ಹೇಳಿದ ಹಾಗೆ ಒತ್ತಿದೆ. ಎಡಕ್ಕೆ, ಬಲಕ್ಕೆ, ಈಗ ಬ್ರೇಕ್. ಕಾರು ಮೊದಲನೆಯದಾಗಿ ಬಂತು. ಸಿದ್ದಾಪುರದವಳು ಚಪ್ಪಾಳೆ ತಟ್ಟಿದಳು.

"ಕೈ ತೆಗಿ ಅಜ್ಜಿ," ಎಂದಳು ನಮ್ಮವಳು. "ಅದು ನಾನಲ್ಲ, ನೀನು."

ನಾನು ಕೈ ತೆಗೆದೆ. ಅವಳ ಕೈ ಕಂಟ್ರೋಲರ್ ಸಮೇತ ತೊಡೆಯ ಮೇಲೆ ಬಿತ್ತು.

ರಜೆ ಮುಗಿದು ಸಿದ್ದಾಪುರದವಳು ಚೀಲ ಕಟ್ಟುವಾಗ ಕೇಳಿದಳು, "ಯಾವ್ದನ್ನ ಬಿಟ್ಟು ಹೋಗ್ಲೇ? ನಿಂಗೆ ಯಾವ್ದು ಚಲೋ?"

"ಯಾವ್ದಾದ್ರೂ ಅಷ್ಟೇ. ಎರಡೂ ತಗಂಡು ಹೋಗು."

ಸಿದ್ದಾಪುರದವಳು ಜಗಳ ತೆಗೆಯಲು ನೋಡಿದಳು: "ನಿಂದರ ಬ್ಯಾಟರಿ ಸತ್ರೆ ನಂಗೆ ಗೊತ್ತಿಲ್ಲ ಹಾಂ."

ಮಗ ಟಿವಿಯ ಹಿಂದೆ ಬಗ್ಗಿ ವೈರುಗಳನ್ನು ಒಂದೊಂದಾಗಿ ಕಿತ್ತು ಸುತ್ತಿಟ್ಟ. ನಾನು ನಮ್ಮವಳಿಗೆ ಊಟ ಕಲಸಿ ತಿನ್ನಿಸಲು ಹೋದೆ.