ಮೂರು ತಾಸಿನ ಹಾದಿ

ಭೂಗೋಳ ಕಲಿಸುವ ಮಾಸ್ತರರಿಗೆ ಒಂದು ಚಟ ಇರುತ್ತದೆ. ಎಲ್ಲಿಂದ ಎಲ್ಲಿಗೆ ಎಷ್ಟು ದೂರ ಎಂದು ಯಾರೂ ಕೇಳದಿದ್ದರೂ ಹೇಳುವುದು. ನನಗದು ಜಾಸ್ತಿಯೇ ಇತ್ತು.

ತೊಂಬತ್ತರ ದಶಕದ ಮೊದಲ ವರ್ಷಗಳು. ಕಬ್ಬೂರಿನ ನಮ್ಮ ಮನೆಯಲ್ಲಿ ಅವ್ವ ಹಾಸಿಗೆ ಹಿಡಿದಿದ್ದಳು. ಚಿಕ್ಕೋಡಿಯಿಂದ ಬಂದ ಡಾಕ್ಟರು, ದೂರದವರಿದ್ದರೆ ಕರೆಸಿಬಿಡಿ ಎಂದರು. ದೂರದವನೆಂದರೆ ಅಣ್ಣ, ಅಸ್ಸಾಮಿನ ಜೋರಹಾಟದ ಬಳಿ ಮಿಲಿಟರಿಯಲ್ಲಿದ್ದ. ತಂತಿ ಕಳಿಸಿದೆ. ಮರುದಿನ ಬೆಳಗ್ಗೆ ಅವನ ತಂತಿ ಬಂತು: ವಿಮಾನದಲ್ಲಿ ಹೊರಟಿದ್ದೇನೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಸುಮ್ಮನಿರಬೇಕಿತ್ತು. ಶಾಲೆಯ ಅಟ್ಲಾಸು ಬಿಚ್ಚಿ, ಜೋರಹಾಟದಿಂದ ಬೆಳಗಾವಿಯ ಸಾಂಬ್ರಾದವರೆಗೆ ದಾರ ಹಿಡಿದು ಅಳೆದೆ. ಸುಮಾರು ಎರಡು ಸಾವಿರದ ನಾನೂರು ಕಿಲೋಮೀಟರ್. ಎರಡೂ ಕಡೆ ವಿಮಾನ ನಿಲ್ದಾಣ ಇದೆಯಲ್ಲ, ಸಣ್ಣವಾದರೇನು?

"ಅವ್ವಾ, ವಿಮಾನದಾಗ ಬರೇ ಮೂರು ತಾಸಿನ ಹಾದಿ. ಹೊತ್ತ ಮುಳುಗೂದ್ರಾಗ ಬರ್ತಾನ."

ಅವ್ವ ಕೈಮುಗಿದು, ಕಣ್ಣು ಮುಚ್ಚಿ ನೇಮ ಹಿಡಿದಳು: ಮಗನ ಮುಖ ನೋಡುವತನಕ ಹನಿ ನೀರೂ ಬೇಡ. ನಮ್ಮ ಜೈನರ ಮನೆಗಳಲ್ಲಿ ಹೆಂಗಸರು ಮಾತೆತ್ತಿದರೆ ಒಂದು ನೇಮ. ಇವತ್ತು ಉಪ್ಪು ಬಿಟ್ಟೆ, ನಾಳೆ ಬಸದಿಗೆ ಹೋಗಿಬರುವತನಕ ಊಟ ಬಿಟ್ಟೆ. ಹಿಡಿದ ಮೇಲೆ ಮುರಿಯುವ ಮಾತಿಲ್ಲ. ಮೂರು ತಾಸು ತಾನೇ ಎಂದು ನಾನೂ ತಡೆಯಲಿಲ್ಲ.

ಹೊತ್ತು ಮುಳುಗಿತು, ಅಣ್ಣ ಬರಲಿಲ್ಲ. ಮರುದಿನ ಬೆಳಗ್ಗೆ ಚಿಕ್ಕೋಡಿಗೆ ಹೋಗಿ ಬೆಳಗಾವಿಯ ಪರಿಚಯದವರಿಗೆ ಫೋನ್ ಹಚ್ಚಿದೆ. ಸಾಂಬ್ರಾಕ್ಕೆ ಆ ವಾರ ವಿಮಾನವೇ ಇರಲಿಲ್ಲ. ಜೋರಹಾಟದಿಂದ ಕಲಕತ್ತೆ, ಅಲ್ಲಿ ಸೀಟು ಸಿಗುವತನಕ ಕಾಯುವುದು, ಆಮೇಲೆ ಮುಂಬೈ, ಅಲ್ಲಿಂದ ಬಸ್ಸಿನಲ್ಲಿ ನಿಪ್ಪಾಣಿ ಹಾಯ್ದು ನಮ್ಮೂರು. ದಾರಕ್ಕೆ ಇದೆಲ್ಲ ಗೊತ್ತಿಲ್ಲ, ನನಗೆ ಗೊತ್ತಿರಬೇಕಿತ್ತು. ನನ್ನ ಮೇಲೆ ನನಗೇ ಹೇಸಿಕೆಯಾಯಿತು.

ಮನೆಗೆ ಬಂದರೆ ನನ್ನ ಹೆಂಡತಿ ಚಮಚದಲ್ಲಿ ನೀರು ಹಿಡಿದು ಅಳುತ್ತಿದ್ದಳು. ಅವ್ವ ತುಟಿ ಬಿಗಿದಿದ್ದಳು. ನಾನು ಅವಳ ಕಾಲು ಹಿಡಿದೆ.

"ಲೆಕ್ಕಾ ತಪ್ಪೇತಿ ಬೇ. ತಪ್ಪು ನಂದು. ನೇಮಾ ಬಿಡು."

"ಮಾಸ್ತರ ಅದಿ, ನಿನ್ನ ಲೆಕ್ಕಾ ಹೆಂಗ ತಪ್ಪತೈತಿ? ಬಂದಬಿಡ್ತಾನ." ಆಮೇಲೆ ಮೆಲ್ಲಗೆ ಕೇಳಿದಳು, "ಹಾದ್ಯಾಗ ಅವಂಗ ಯಾರರೆ ನೀರ ಕೊಟ್ಟಾರೋ ಇಲ್ಲೋ?"

ಅಂದು ಮಧ್ಯಾಹ್ನವೇ ಹೋದಳು. ನೀರು ಕುಡಿದಿದ್ದರೆ ಅಣ್ಣ ಬರುವತನಕ ಉಳಿಯುತ್ತಿದ್ದಳೇ? ಡಾಕ್ಟರನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ. ಹೊತ್ತು ಮುಳುಗುವುದರೊಳಗೆ ದಹನ ಮುಗಿಸಿದೆವು.

ಅದರ ಮರುದಿನ ಅಣ್ಣ ಬಂದ. ಬಸ್ಸಿಳಿದಲ್ಲೇ ಊರವರು ಸುದ್ದಿ ಹೇಳಿದ್ದರು. ಕೈಯಲ್ಲಿನ ಚೀಲ ಕೆಳಗಿಡದೆ ಅಂಗಳದಲ್ಲೇ ನಿಂತು ಕೇಳಿದ.

"ಅವ್ವಗ ಭಾಳ ತ್ರಾಸ ಆತೇನೋ?"

"ಇಲ್ಲಪಾ ಅಣ್ಣಾ. ನೀರ ಕುಡದು, ತಣ್ಣಗ ಮಲಕೊಂಡ್ಲು."

ನನ್ನ ಹೆಂಡತಿ ಎದ್ದು ಒಳಗೆ ಹೋದಳು.