ಶೂ ಲೇಸಿನ ಮೇಷ್ಟ್ರು

ಎನ್.ಆರ್. ಕಾಲೋನಿಯ ಬದರೀನಾರಾಯಣರ ಬಳಿ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನ ಸಿಗುತ್ತಿದ್ದ ಆಯುಧ ಲ್ಯಾಪ್‌ಟಾಪ್ ಅಲ್ಲ, ಲೇಸು ಕಟ್ಟುವ ಒಂದು ಜೊತೆ ಕಪ್ಪು ಶೂ. ಖರ್ಚು ಕಚೇರಿಯದೇ.

ಒಂದು ಮನೆಯ ವರಮಾನ, ಉಳಿತಾಯ, ಆಸೆ, ಭಯ ಎಲ್ಲವನ್ನೂ ಕೇಳಿ ತಿಳಿದು, ಹಣವನ್ನು ಎಲ್ಲೆಲ್ಲಿ ಇಡಬೇಕೆಂದು ಯೋಜನೆ ಹಾಕಿಕೊಡುವುದು ಅವರ ವೃತ್ತಿ. ಬ್ಯಾಂಕಿನ ನೌಕರಿಯನ್ನು ತೃಣಸಮಾನವಾಗಿ ತ್ಯಜಿಸಿ, ದರ್ಜಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಈ ಸಾಮ್ರಾಜ್ಯವನ್ನು ಸ್ಥಾಪಿಸಿದ್ದರು. ಸಾಮ್ರಾಜ್ಯಕ್ಕೆ ಸೈನ್ಯ ಬೇಕಲ್ಲ? ವರ್ಷಕ್ಕೊಬ್ಬರಂತೆ ಆಗತಾನೇ ಕಾಲೇಜು ಮುಗಿಸಿದವರನ್ನು ಆರಿಸಿ, ಆರು ತಿಂಗಳು ಪಳಗಿಸಿ, ಕೊನೆಗೊಂದು ಪರೀಕ್ಷೆ ಒಡ್ಡುತ್ತಿದ್ದರು. ಗೆದ್ದವರ ಕೆಲಸ ಖಾಯಂ. ಸೋತವರು ಶೂ ಒರೆಸಿ ವಾಪಸು ಕೊಟ್ಟು ಹೊರಡಬೇಕು.

ಶೂವಿನ ಹಿಂದೆ ಒಂದು ಶಾಸ್ತ್ರವಿತ್ತು. ಬಸವನಗುಡಿ, ಚಾಮರಾಜಪೇಟೆಯ ಹಳೆಯ ಮನೆಗಳಲ್ಲಿ ಕುರ್ಚಿಯ ಮೇಲೆ ಕೂತು ಯಾರೂ ದುಡ್ಡಿನ ನಿಜ ಹೇಳುವುದಿಲ್ಲ ಎಂಬುದು ಅವರ ಸಿದ್ಧಾಂತ. ಹಜಾರದಲ್ಲಿ ಕಾಫಿ, ಕೋಡುಬಳೆ, ಮೆಟ್ರೋ ಪುರಾಣ ಎಲ್ಲ ಮುಗಿದು, ಬಂದವರು ಹೊಸಿಲು ದಾಟಿ, ಪಾದರಕ್ಷೆಗೆ ಕಾಲು ತೂರಿಸಿದ ಮೇಲೆಯೇ ಯಜಮಾನರು ಬಾಗಿಲಿಗೆ ಒರಗಿ "ಅಂದಹಾಗೆ..." ಎಂದು ಶುರು ಮಾಡುವುದು.

"ಚಪ್ಪಲಿ ಹಾಕ್ಕೊಂಡೋನು ಅಷ್ಟರಲ್ಲಿ ಮೆಟ್ಲು ಇಳ್ದೇ ಬಿಟ್ಟಿರ್ತಾನೆ," ಎಂದು ಬದರೀನಾರಾಯಣ ಮೇಷ್ಟ್ರು ಬೋಧಿಸುತ್ತಿದ್ದರು. "ಲೇಸ್ ಕಟ್ಟೋನು ಬಗ್ಗಿರ್ತಾನೆ. ಮುಖ ನೋಡ್ಕೊಂಡು ಹೇಳಕ್ಕಾಗ್ದೇ ಇರೋದನ್ನ ಬಗ್ಗಿರೋನ ನೆತ್ತಿಗೆ ಆರಾಮಾಗಿ ಹೇಳ್ಬೋದು."

ಒಂದು ಕಾಲಿನ ಗಂಟು ಕಟ್ಟುತ್ತಲೇ ಇನ್ನೊಂದರದ್ದನ್ನು ಯಾರಿಗೂ ಕಾಣದಂತೆ ಬಿಚ್ಚುವ ಗುಪ್ತವಿದ್ಯೆಯೂ ಅವರಿಗೆ ಸಿದ್ಧಿಸಿತ್ತು. ಅದನ್ನು ಖಾಯಂ ಆದವರಿಗೆ ಮಾತ್ರ ಉಪದೇಶಿಸುತ್ತಿದ್ದರು. ಕಲಿತವರನ್ನು ದೊಡ್ಡ ಕಂಪನಿಗಳು ದುಪ್ಪಟ್ಟು ಸಂಬಳಕ್ಕೆ ಹಾರಿಸಿಕೊಂಡು ಹೋಗುತ್ತಿದ್ದವು. ಮೇಷ್ಟ್ರು ಮತ್ತೆ ಹೊಸ ಶೂ ಕೊಳ್ಳುತ್ತಿದ್ದರು.

ಈ ಸಲದ ಶಿಷ್ಯೆ ಯಶಶ್ರೀ. ಅವಳ ಅಪ್ಪನದು ಕಲಾಸಿಪಾಳ್ಯದಲ್ಲಿ ಈರುಳ್ಳಿ ಸಗಟು ವ್ಯಾಪಾರ. ಕೆಲಸ ಖಾಯಂ ಆಗದಿದ್ದರೆ ಮಗಳು ಬಂದು ಕೂರಲೆಂದು ಅಪ್ಪ ಆಗಲೇ ಗಲ್ಲಾಪೆಟ್ಟಿಗೆಯ ಮುಂದೆ ಹೊಸ ಕುರ್ಚಿ ಹಾಕಿಸಿ, ಫೋಟೋ ತೆಗೆದು ಕಳಿಸಿದ್ದರು. ಕುರ್ಚಿಗೆ ಮೆತ್ತೆ ಕೂಡ ಇತ್ತು. ಅದನ್ನು ನೋಡಿದಾಗಿನಿಂದ ಯಶಶ್ರೀಗೆ ನಿದ್ದೆ ಕಡಿಮೆಯಾಗಿತ್ತು.

ಪರೀಕ್ಷೆಯ ಕಣ ಚಾಮರಾಜಪೇಟೆಯ ದೊಡ್ಡಬೈರಪ್ಪನವರ ಮನೆ. ಅವರು ನೆಲಮಂಗಲದ ಕಡೆಯ ಜಮೀನು ಮಾರಿದ್ದರು. ಹಣ ಬ್ಯಾಂಕಿನಲ್ಲಿ ಸುಮ್ಮನೆ ಬಿದ್ದಿತ್ತು. ಮಾತೆಲ್ಲ ಯಶಶ್ರೀ ಆಡಬೇಕು, ಮೇಷ್ಟ್ರು ಮೌನವಾಗಿ ನೋಡಬೇಕು. ಆದರೆ ಗೇಟಿನ ಬಳಿ ಕಾಯುತ್ತಿದ್ದ ಶಿಷ್ಯೆಯ ಕಾಲು ನೋಡಿಯೇ ಮೇಷ್ಟ್ರ ಮುಖ ಕಪ್ಪಿಟ್ಟಿತು. ಚಪ್ಪಲಿ. ಹಿಮ್ಮಡಿಗೊಂದು ಬ್ಯಾಂಡೇಜು.

"ಏನಮ್ಮ ಇದು? ಯುದ್ಧಕ್ಕೆ ಬಂದೋಳು ಗಾಂಡೀವ ಮನೇಲಿ ಬಿಟ್ಟು ಬಂದಿದೀಯ?"

"ಶೂ ಕಚ್ಚಿ ಬೊಬ್ಬೆ ಬಂದಿದೆ ಸರ್."

"ಮೊದ್ಲು ಎಲ್ರಿಗೂ ಕಚ್ಚುತ್ತೆ. ಹೋದ್ ವರ್ಷ ಇಲ್ಲಿ ಕಲ್ತ ಸಮರ್ಥಂಗೂ ಕಚ್ತು. ಈಗ ಎಂ.ಜಿ. ರೋಡಲ್ಲಿ ಏ.ಸಿ. ಕೆಳಗೆ ಕೂತಿದಾನೆ."

ಒಳಗೆ ಯಶಶ್ರೀ ಕೇಳಬೇಕಾದ್ದನ್ನೆಲ್ಲ ಕ್ರಮವಾಗಿ ಕೇಳಿದಳು. ದೊಡ್ಡಬೈರಪ್ಪನವರು ಎಲ್ಲದಕ್ಕೂ "ಅಂಥದ್ದೇನಿಲ್ಲಮ್ಮ" ಎಂದರು. ಅವರ ಹೆಂಡತಿ ವಿಶಾಲಮ್ಮ ಚಕ್ಕುಲಿ ತಂದಿಟ್ಟು, ಗೋಡೆ ಹಿಡಿದುಕೊಂಡು ಒಳಗೆ ಹೋದರು. ಕೋಟೆ ಭದ್ರವಾಗಿತ್ತು. ಇನ್ನು ಉಳಿದದ್ದು ಹೊಸಿಲಿನ ಸಮರ.

ಸರಿಯಾಗಿ ಆ ಗಳಿಗೆಗೆ ಒಳಗಿನಿಂದ ಕರೆ ಬಂತು. "ಬಾ ಮಗಾ, ಕುಂಕುಮ ತಗೊಂಡು ಹೋಗು."

ಯಶಶ್ರೀ ಹೋಗೇ ಬಿಟ್ಟಳು. ಸೇನಾಪತಿ ರಣರಂಗ ತೊರೆದ ಮೇಲೆ ಮುದಿ ಆಚಾರ್ಯರೇ ಬಗ್ಗಬೇಕಾಯಿತು. ಮೇಷ್ಟ್ರು ಎಡಗಾಲಿನ ಲೇಸಿಗೆ ಕೈ ಹಾಕಿದರು.

"ಅಂದಹಾಗೆ ಸಾಮಿ," ಎಂದು ದೊಡ್ಡಬೈರಪ್ಪನವರ ದನಿ ನೆತ್ತಿಯ ಮೇಲೆ ಇಳಿಯಿತು. "ನಮ್ಮ ಕುಶಾಲ್ ಜಿಮ್ ಹಾಕ್ಬೇಕು ಅಂತಾನೆ. ದುಡ್ಡು ಪೂರ್ತಿ ಅದಕ್ಕೇ ಕೊಟ್ಬಿಡೋಣ ಅಂತ. ಇರೋನು ಒಬ್ಬ ಮಗ."

ಮೇಷ್ಟ್ರು ಬಲಗಾಲನ್ನೂ ಕಟ್ಟಿ, ವಿಜಯಿಯಾಗಿ ಎದ್ದರು. ಎಷ್ಟೋ ಹೊತ್ತಿನ ಮೇಲೆ ಹಣೆಗೆ ಕುಂಕುಮ, ಕೈಯಲ್ಲಿ ಎಲೆ ಅಡಿಕೆ ಬಾಳೆಹಣ್ಣು ಹಿಡಿದು ಶಿಷ್ಯೆ ಹೊರಬಂದಳು.

ಬೀದಿಯ ತಿರುವಿನಲ್ಲಿ ಮೇಷ್ಟ್ರು ತೀರ್ಪು ಕೊಟ್ಟರು. "ಲೆಕ್ಕದಲ್ಲಿ ನೀನು ಜೋರಿದೀಯ. ಬಾಗಿಲಲ್ಲಿ ಇರಬೇಕಾದಾಗ ಇರ್ಲಿಲ್ಲ. ನಾಳೆ ಶೂ ತಂದು ಕೊಟ್ಬಿಡಮ್ಮ."

ಯಶಶ್ರೀಯ ಕಣ್ಣ ಮುಂದೆ ಮೆತ್ತೆಯ ಕುರ್ಚಿ ಸುಳಿಯಿತು. "ಆಯ್ತು ಸರ್. ಆದ್ರೆ ಅವ್ರ ಪ್ಲಾನ್ ಮಾಡೋವಾಗ ಒಂದು ನೋಡ್ಕೊಳ್ಳಿ. ಆಂಟಿ ಎರಡು ಮಂಡೀಗೂ ಆಪರೇಷನ್ ಆಗ್ಬೇಕಂತೆ. ಜಿಮ್ ಆಗ್ಲಿ ಆಮೇಲೆ ನೋಡೋಣ ಅಂತ ಮನೇಲಿ ಯಾರಿಗೂ ಹೇಳಿಲ್ಲ. ದೇವರ ಮನೇಲಿ ಬಗ್ಗಿ ದೀಪ ಹಚ್ಚಕ್ಕೂ ಆಗ್ತಿಲ್ಲ ಅವ್ರಿಗೆ."

ಮೇಷ್ಟ್ರು ನಿಂತರು. ಗೋಡೆ ಹಿಡಿದು ನಡೆದ ವಿಶಾಲಮ್ಮನನ್ನು ತಾವೂ ನೋಡಿದ್ದರು, ಚಕ್ಕುಲಿ ತಿನ್ನುತ್ತ. ಹಾಗೆಯೇ ತಾವು ಹಾಕಿಕೊಟ್ಟ ಎಷ್ಟು ಸುಂದರ ಯೋಜನೆಗಳನ್ನು ವರ್ಷ ತುಂಬುವ ಮೊದಲೇ ಜನ ಕಾರಣ ಹೇಳದೆ ಮುರಿದಿದ್ದರು ಎಂಬುದೂ ನೆನಪಾಯಿತು. ಹೊಸಿಲಿನ ಮಹಾಜ್ಞಾನಿಯನ್ನು ಇಷ್ಟು ವರ್ಷದಲ್ಲಿ ಯಾರೂ ಕುಂಕುಮಕ್ಕೆ ಕರೆದಿರಲಿಲ್ಲ. ಕರೆಯುವಂತೆಯೂ ಇರಲಿಲ್ಲ.

"ಯಜಮಾನ್ರಿಗೆ ಹೇಳ್ಬೇಡ ಅಂದ್ರಾ?"

"ಹೂಂ ಸರ್."

"ಮತ್ತೆ ಪ್ಲಾನಲ್ಲಿ ಹೆಂಗೆ ತೋರಿಸ್ತೀಯ?"

"ವಯಸ್ಸಾದೋರು ಇರೋ ಮನೆ, ಇಬ್ರ ಆಸ್ಪತ್ರೆ ಖರ್ಚಿಗೆ ಅಂತ ಮೊದ್ಲು ತೆಗೆದಿಡಿಸೋಣ. ಉಳಿದಿದ್ರಲ್ಲಿ ಜಿಮ್. ಯಾರ ಮಂಡಿ ಅಂತ ನಾವ್ಯಾಕೆ ಬರೀಬೇಕು? ದುಡ್ಡು ಬೇರೆ ಆದ್ಮೇಲೆ ಆಂಟಿನೇ ಹೇಳ್ತಾರೆ."

ಮೇಷ್ಟ್ರು ಫುಟ್‌ಪಾತಿನ ಮೇಲೆ ಬಗ್ಗಿ, ಬಿಗಿಯಾಗಿಯೇ ಇದ್ದ ಲೇಸನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದರು. ಯಶಶ್ರೀ ಕಾದಳು. ಕಟ್ಟುವುದು ಮುಗಿಯುವ ಲಕ್ಷಣ ಕಾಣಲಿಲ್ಲ. ಆರು ತಿಂಗಳ ಪಾಠ ಅವಳಿಗೆ ಆಗ ನೆನಪಾಯಿತು.

"ಅಂದಹಾಗೆ ಸರ್," ಎಂದಳು ಅವರ ನೆತ್ತಿಗೆ, "ಈ ಕೆಲಸ ನಂಗೆ ಬೇಕು."

"ನಾಳೆ ಬೇಗ ಬಾ," ಎಂದರು ಮೇಷ್ಟ್ರು ಲೇಸಿನಿಂದ ಕಣ್ಣೆತ್ತದೆ. "ಚಪ್ಪಲೀಲೇ ಬಾ."