ಹಳೆಯ ಹೆಸರಿನ ಕಾರ್ಡು

ಎಸ್ಟೇಟಿನಲ್ಲಿ ಕಾಫಿ ಹಣ್ಣು ಕುಯ್ಯುವ ಹೆಂಗಸರ ಮೇಲೆ ಎಂ.ಎ. ಪ್ರಬಂಧ ಬರೆಯುತ್ತೇನೆ ಎಂದಾಗ ನನ್ನ ಗೈಡ್ ನಕ್ಕುಬಿಟ್ಟರು. "ಹೆಣ್ಣಾಳುಗಳ ಮೇಲೆ ಬರೆಯೋದಕ್ಕೆ ಏನಿದೆಯಮ್ಮ? ಸೋಮವಾರ ಒಂದಾದರೂ ಜರ್ನಲ್ ಲೇಖನ ತೋರಿಸು. ಇಲ್ಲದಿದ್ರೆ ವಿಷಯ ಬದಲಾಯಿಸು."

ನನ್ನ ಅವ್ವ ಆ ಹೆಣ್ಣಾಳುಗಳಲ್ಲಿ ಒಬ್ಬಳು. ಮೈಯೆಲ್ಲ ಉರಿದುಹೋಯಿತು. ಬದಲಾಯಿಸುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿದೆ.

ಪುಸ್ತಕವೊಂದರ ಅಡಿಟಿಪ್ಪಣಿಯಲ್ಲಿ ಅಂಥದೊಂದು ಲೇಖನದ ಸುಳಿವು ಸಿಕ್ಕಿತ್ತು. ವಿಶ್ವವಿದ್ಯಾಲಯದ ಲೈಬ್ರರಿಯ ಕ್ಯಾಟಲಾಗ್ ಎಂದರೆ ಆಗಿನ್ನೂ ಕಾರ್ಡು ತುಂಬಿದ ಮರದ ಡ್ರಾಯರುಗಳು. ಲೇಖನದ ಹೆಸರು ಹಿಡಿದು ಹುಡುಕಿದೆ. ಕ್ಯಾಟಲಾಗಿನಲ್ಲಿ ಲೇಖನ ಇರಲ್ಲ, ಜರ್ನಲ್ಲಿನ ಹೆಸರು ನೋಡು ಎಂದು ಕೌಂಟರಿನವರು ಗದರಿದರು. ನೋಡಿದೆ. ಅದೂ ಇರಲಿಲ್ಲ.

"ಕಾರ್ಡಿಲ್ಲ ಅಂದ್ರೆ ಜರ್ನಲ್ಲೂ ಇಲ್ಲ. ಸುಮ್ನೆ ತಲೆ ತಿನ್ಬೇಡ," ಎಂದರು.

ಆ ಸಂಜೆ ಎಸ್‌ಟಿಡಿ ಬೂತಿನಿಂದ ಬೆಳಗೋಡಿಗೆ, ನಮ್ಮ ಮನೆ ಹತ್ತಿರದ ಅಂಗಡಿಗೆ ಫೋನ್ ಮಾಡಿದೆ. ಹಾಸ್ಟೆಲ್ ಸೇರಿದ ಮೇಲೆ ಬಂದ ಬಿಂಕ ನೋಡಿ, ಅವ್ವನ ರೇಷನ್ ಕಾರ್ಡಿನ ಹೆಸರು ಹೇಳಿ ಕರೆಯಿರಿ ಎಂದೆ.

"ಅಂತೋರು ಇಲ್ಲಿ ಯಾರೂ ಇಲ್ಲ ಕಣವ್ವ," ಎಂದರು ಅಂಗಡಿಯವರು.

"ಹೊಸಕೋಟೆಯಮ್ಮ..."

"ಓ, ಅಂಗನ್ನು ಮತ್ತೆ! ಈಗಿನ್ನ ತ್ವಾಟದಿಂದ ಬಂದೌಳೆ, ಇರು."

ಮದುವೆಯಾಗಿ ಬಂದ ಹೆಂಗಸನ್ನು ತವರೂರಿನ ಹೆಸರಲ್ಲೇ ಕರೆಯುವುದು ನಮ್ಮ ಕಡೆ ರೂಢಿ. ಎಷ್ಟು ವರ್ಷವಾದರೂ ಅವ್ವ ಬೆಳಗೋಡಿಗೆ ಹೊಸಕೋಟೆಯಮ್ಮನೇ. ಫೋನ್ ಹಿಡಿದು ಅವಳಿಗಾಗಿ ಕಾಯುತ್ತಿದ್ದಾಗಲೇ ಅನುಮಾನ ಬಂತು. ಈ ಜರ್ನಲ್ಲಿಗೂ ಮೊದಲು ಬೇರೆ ಹೆಸರಿತ್ತೋ ಏನೋ?

ಅಡಿಟಿಪ್ಪಣಿಯಿದ್ದ ಆ ಪುಸ್ತಕದ ಕೊನೆಯ ಗ್ರಂಥಸೂಚಿಯ ಪುಟಗಳನ್ನು ಮತ್ತೆ ತಿರುವಿದೆ. ಹಳೆಯ ಹೆಸರು ಅಲ್ಲಿ ಸಣ್ಣಕ್ಷರದಲ್ಲಿತ್ತು. ಸೋಮವಾರ ಲೈಬ್ರರಿಯ ಬಾಗಿಲು ತೆಗೆಯುತ್ತಲೇ ಒಳಗೆ ನುಗ್ಗಿ, ಯಾರನ್ನೂ ಕೇಳದೆ ಡ್ರಾಯರ್ ಎಳೆದೆ. ಕಾರ್ಡಿತ್ತು! ಜರ್ನಲ್ಲಿನ ಹೆಸರು ಬದಲಾದರೂ ಲೈಬ್ರರಿಯವರು ಕಾರ್ಡು ಬದಲಾಯಿಸಿರಲಿಲ್ಲ. ಮೇಲಿನ ಮಹಡಿಯಲ್ಲಿ ರಟ್ಟು ಹಾಕಿದ ಸಂಪುಟಗಳು ಸಾಲಾಗಿ ಕೂತಿದ್ದವು. ಖುಷಿಗೆ ಅಳುವೇ ಬಂತು. ದಪ್ಪ ಸಂಪುಟವನ್ನು ಕೌಂಟರಿನ ಮೇಲೆ ಬೇಕೆಂದೇ ಸದ್ದಾಗುವಂತೆ ಇಟ್ಟು ಜೆರಾಕ್ಸ್ ಮಾಡಿಸಿದೆ.

ಗೈಡ್ ಹಾಳೆಗಳನ್ನು ತಿರುವಿ ಹಾಕಿದರು. ಈ ಸಲ ನಗಲಿಲ್ಲ.

"ಇಷ್ಟು ದೊಡ್ಡ ಲೈಬ್ರರಿಯಲ್ಲಿ ಇದೊಂದೇ ತಾನೆ ಇರೋದು?"

"ಹೌದು ಸಾರ್. ಎರಡನೇದನ್ನ ನಾನು ಬರೀತೀನಿ."